ಮೊದಲು ಪಟ್ಟಿ, ಆಮೇಲೆ ಟೋಪಿ

ಕೆಂದಿಬ್ಬದಲ್ಲಿ ಗಂಡ ಹೆಂಡತಿ ಜಗಳವಾಡಬೇಕೆಂದರೆ ಸ್ನಾನದ ಹೊತ್ತಿಗೆ ಕಾಯಬೇಕಾಗಿತ್ತು. ಉಳಿದ ಹೊತ್ತೆಲ್ಲ ಊರಿನ ಪ್ರತಿಯೊಬ್ಬರ ಕುತ್ತಿಗೆಯಲ್ಲೂ ಪಟ್ಟಿ ಇರುತ್ತಿತ್ತು.

ಬೆರಳಗಲದ ಬೂದು ಪಟ್ಟಿ. ಕಾಗದಪತ್ರಗಳಲ್ಲಿ ಅದರ ಹೆಸರು ಶಾಂತಪಟ್ಟಿ. ಆರು ವರ್ಷಗಳ ಹಿಂದೆ ಆ ಉಕ್ಕಿನ ಊರಿನಲ್ಲಿ ದೊಡ್ಡ ದೊಂಬಿಯಾಗಿ ಮನೆಗಳು ಸುಟ್ಟ ಮೇಲೆ ನಗರ ಮಂಡಳಿ ಅದನ್ನು ಕಡ್ಡಾಯ ಮಾಡಿತ್ತು. ಪಟ್ಟಿ ಮೂರು ನಿಮಿಷಕ್ಕೊಮ್ಮೆ ಕುತ್ತಿಗೆಯ ನರದಿಂದ ಮನಸ್ಸಿನ ಕಾವನ್ನು ಅಳೆಯುತ್ತಿತ್ತು, ಅಳೆದದ್ದನ್ನು ಅರ್ಧಕ್ಕೆ ಇಳಿಸುತ್ತಿತ್ತು. ನಲವತ್ತಿದ್ದರೆ ಇಪ್ಪತ್ತು, ಇಪ್ಪತ್ತಿದ್ದರೆ ಹತ್ತು. ಸಿಟ್ಟನ್ನು ಇಳಿಸುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಸಿಟ್ಟಿಗೂ ಸಂಕಟಕ್ಕೂ ಇರುವ ವ್ಯತ್ಯಾಸ ಪಟ್ಟಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಎರಡೂ ಕಾವೇ.

ಜನ ಒಗ್ಗಿಕೊಂಡಿದ್ದರು. ಕುಡಿದು ಬಂದು ಹೊಡೆಯುವ ಗಂಡಸರು ಮೆತ್ತಗಾದರೆಂದು ಎಷ್ಟೋ ಹೆಂಗಸರು ಪಟ್ಟಿಗೆ ಕೈ ಮುಗಿದಿದ್ದರು. ಹೆಣದ ಮುಂದೆ ಅಳು ಬಾರದೆ ಕೂತವರೂ ಇದ್ದರು. ನಿಜವಾಗಿ ಜಗಳವಾಡಲೇಬೇಕು ಎನ್ನುವವರು, 'ಪಟ್ಟಿ ಬಿಚ್ಚಿ ಬಚ್ಚಲಕ್ಕ ಬಾ, ಹೇಳ್ತೀನಿ' ಎನ್ನುತ್ತಿದ್ದರು. ಬಚ್ಚಲಲ್ಲಿ ಹತ್ತು ನಿಮಿಷ ಕೂಗಾಡಿ, ಮೈ ಒರೆಸಿಕೊಂಡು, ಪಟ್ಟಿ ಕಟ್ಟಿಕೊಂಡು ಹೊರಬಂದರೆ ಮನೆ ಮತ್ತೆ ತಣ್ಣಗಾಗುತ್ತಿತ್ತು.

ಹುಲಿಗೆಮ್ಮ ಆ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಸುರಕ್ಷತೆಯ ಲೆಕ್ಕ ನೋಡುವ ಎಂಜಿನಿಯರ್. ಮೂವತ್ತೆಂಟು ವರ್ಷ. ಗಣಿತ ಓದಿದವಳು. ಗಂಡ ಪಂಪಾಪತಿ ಅದೇ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಕರಗಿದ ಉಕ್ಕಿನ ಮೇಲಿನ ಕಿಟ್ಟ ಸರಿಸುವ ಕೆಲಸಗಾರ. ಮಕ್ಕಳಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ಖಾಜಾ ಹುಸೇನ್, ಅವನ ಹೆಂಡತಿ ಮಾಬುಬಿ. ಖಾಜಾ ಕುಲುಮೆಯ ಕ್ರೇನಿಗೆ ಸನ್ನೆ ಮಾಡುವವನು. ಹದಿನೈದು ವರ್ಷ ಪಂಪಾಪತಿಯ ಪಕ್ಕದಲ್ಲೇ ನಿಂತು ದುಡಿದವನು. ಎರಡೂ ಮನೆಗಳಿಗೆ ಒಂದೇ ನಲ್ಲಿ, ಒಂದೇ ಅಂಗಳ, ಹಬ್ಬದ ದಿನ ಒಂದೇ ಪಂಕ್ತಿ.

ಕುಲುಮೆ ವಿಭಾಗದವರಿಗೆ ಪಟ್ಟಿಯ ಜೊತೆಗೆ ಇನ್ನೊಂದು ವಸ್ತುವಿತ್ತು. ಚುರುಕು ಟೋಪಿ. ಪಟ್ಟಿಯಿಂದ ಜನ ಮಂಕಾಗಿ ಅಪಘಾತ ಹೆಚ್ಚಿದವೆಂದು ಕಾರ್ಖಾನೆಯೇ ಮಾಡಿಸಿದ್ದು. ಅದೂ ಮೂರು ನಿಮಿಷಕ್ಕೊಮ್ಮೆ ಕೆಲಸ ಮಾಡುತ್ತಿತ್ತು, ನಿಯಮ ಮಾತ್ರ ಬೇರೆ: ಒಳಗೆ ಬಂದ ಕಾವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಇಪ್ಪತ್ತರಿಂದ ಭಾಗಿಸುವುದು. ಹತ್ತು ಇದ್ದರೆ ಐದಾಗುತ್ತದೆ. ಇಪ್ಪತ್ತು ಇಪ್ಪತ್ತಾಗಿಯೇ ಉಳಿಯುತ್ತದೆ. ನಲವತ್ತು ಇದ್ದರೆ ಎಂಬತ್ತಾಗುತ್ತದೆ. ಚಿಲ್ಲರೆ ಯೋಚನೆಗಳು ಅಳಿಸಿಹೋಗಿ, ಕಣ್ಣೆದುರಿನ ದೊಡ್ಡ ಅಪಾಯ ಇನ್ನೂ ದೊಡ್ಡದಾಗಿ ಕಾಣಲಿ ಎನ್ನುವುದು ಉದ್ದೇಶ. ಕೆಲಸಗಾರರ ಕಾವು ದಿನವೂ ಹತ್ತು ಹನ್ನೆರಡರ ಆಸುಪಾಸಿನಲ್ಲಿ ಇರುತ್ತಿದ್ದರಿಂದ ಟೋಪಿ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಪಟ್ಟಿಗೆ ಒಂದು ಪ್ರಮಾಣಪತ್ರ, ಟೋಪಿಗೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಸಂಸ್ಥೆಗಳು ಪರೀಕ್ಷಿಸಿ ಕೊಟ್ಟಿದ್ದವು.

ಆ ಶುಕ್ರವಾರ ವ್ಯವಸ್ಥಾಪಕ ರಘೋತ್ತಮ ಒಂದು ಹಾಳೆ ಹಿಡಿದುಕೊಂಡು ಹುಲಿಗೆಮ್ಮನ ಮೇಜಿಗೆ ಬಂದ. ತುಮಕೂರಿನ ಕಡೆಯವನು, ಯಾವಾಗಲೂ ಅವಸರದವನು.

"ಇದೊಂದು ನೋಡಿಬಿಡಿ ಮೇಡಮ್. ಗೇಟಿನಲ್ಲಿ ಪಟ್ಟಿ ಬಿಚ್ಚಿಸಿಕೊಳ್ತೀವಲ್ಲ, ಪರೀಕ್ಷೆಗೆ. ಆಮೇಲೆ ತಪಾಸಣೆ ಸಾಲು. ಅಲ್ಲಿಂದ ಅವರು ಆ ಕೊನೇವರೆಗೂ ನಡೆದುಹೋಗಿ ಪಟ್ಟಿ ತಗೊಂಡು, ವಾಪಸ್ ಬಂದು ಟೋಪಿ ತಗೊಂಡು, ಮತ್ತೆ ಅದೇ ದಾರೀಲಿ ಕುಲುಮೆಗೆ ಹೋಗ್ತಾರೆ. ಆರು ನಿಮಿಷ ದಂಡ. ಟೋಪಿ ಕೌಂಟರ್ ಗೇಟಿನ ಪಕ್ಕದಲ್ಲೇ ಇದೆ. ಮೊದಲು ಟೋಪಿ ಕೊಟ್ಟು, ಕುಲುಮೆ ಬಾಗಿಲಲ್ಲಿ ಪಟ್ಟಿ ಕೊಟ್ಟರೆ ಮುಗೀತು. ಎರಡೂ ಅವೇ ವಸ್ತು, ಅದೇ ಜನ."

"ಸೋಮವಾರದಿಂದಲೇ ಏನ್ರಿ?"

"ಸೋಮವಾರ ಮಧ್ಯಾಹ್ನದ ಶಿಫ್ಟಿನಿಂದ."

ಹುಲಿಗೆಮ್ಮ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದಳು. ಹನ್ನೆರಡರ ಕಾವು. ಮೊದಲು ಪಟ್ಟಿ: ಆರು. ಆಮೇಲೆ ಟೋಪಿ: ಒಂದು ಪಾಯಿಂಟ್ ಎಂಟು. ಇನ್ನು ತಿರುಗಿಸಿ: ಮೊದಲು ಟೋಪಿ, ಏಳು ಪಾಯಿಂಟ್ ಎರಡು. ಆಮೇಲೆ ಪಟ್ಟಿ, ಮೂರು ಪಾಯಿಂಟ್ ಆರು. ಉತ್ತರ ಬೇರೆ ಬಂತು. ಬರಬೇಕಾದದ್ದೇ ಎಂದು ಅವಳಿಗೆ ಗೊತ್ತಿತ್ತು. ಒಂದು ಫಲನದ ಉತ್ತರವನ್ನು ಇನ್ನೊಂದು ಫಲನದ ಬಾಯಿಗೆ ಹಾಕುವಾಗ ಯಾವುದು ಮೊದಲು ಎನ್ನುವುದರ ಮೇಲೆ ಫಲಿತಾಂಶ ನಿಂತಿರುತ್ತದೆ, ಇದು ಪಿಯುಸಿಯಲ್ಲಿ ಕಲಿಯುವ ಪಾಠ. ಆದರೆ ಎರಡು ಉತ್ತರಗಳೂ ಹನ್ನೆರಡಕ್ಕಿಂತ ಕಡಿಮೆ. ಎರಡೂ ಸುರಕ್ಷಿತ. ಊಟದ ಹೊತ್ತಾಗಿತ್ತು. 'ಅಭ್ಯಂತರವಿಲ್ಲ' ಎಂದು ಬರೆದು ಸಹಿ ಹಾಕಿದಳು.

ಸೋಮವಾರ ಮಧ್ಯಾಹ್ನ ಅವಳೂ ಪಂಪಾಪತಿಯೂ ರೊಟ್ಟಿ ತಿನ್ನುತ್ತಿರುವಾಗ ಖಾಜಾ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ.

"ಪಂಪಣ್ಣ, ಬೆಳಗಿನ ಶಿಫ್ಟಿನ ಮಾರೆಪ್ಪ ಹೋದ್ನಲೇ."

ಪಂಪಾಪತಿ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. "ಎಲ್ಲಿಗೆ?"

"ಲೇಡಲಿನಾಗ ಬಿದ್ನಂತ. ಹನ್ನೊಂದು ಗಂಟೇಕ."

ಲೇಡಲ್ ಎಂದರೆ ಕರಗಿದ ಉಕ್ಕು ತುಂಬಿದ ಆಳೆತ್ತರದ ಕೊಳಗ. ಅದರಲ್ಲಿ ಬಿದ್ದವನ ಮೂಳೆಯೂ ಸಿಗುವುದಿಲ್ಲ.

"ಕುಲುಮಿ ನಿಲ್ಲಿಸಿದ್ರೇನು?" ಎಂದು ಹುಲಿಗೆಮ್ಮ ಕೇಳಿದಳು.

ಖಾಜಾ ತಲೆ ಅಲ್ಲಾಡಿಸಿದ. "ಇಲ್ಲ ತಂಗಿ. ಹಂಗ ಮುಂದಕ್ಕ ಕಳಿಸಿದ್ರಂತ. ಅಚ್ಚಿಗೆ ಹೊಯ್ದಾರ. ಆ ತುಂಡನ್ನಾರ ಕೊಡ್ರಿ, ಮಣ್ಣು ಮಾಡ್ತೀವಿ ಅಂತ ಅವರವ್ವ ಗೇಟಿನ್ಯಾಗ ಕುಂತಾಳ. ಇಪ್ಪತ್ತು ಟನ್ನಿನ ತುಂಡು ಹೆಂಗ ಕೊಡೂದು ಅಂತ ನಕ್ರಂತ."

ಪಂಪಾಪತಿಯ ಕೈ ಮುಷ್ಟಿಯಾಯಿತು. ಮೂರು ನಿಮಿಷ ಆಗುತ್ತಲೇ ಸಡಿಲವಾಯಿತು. ಅವನು ಕೈ ತೊಳೆದು ಎದ್ದ. "ನಡಿ" ಎಂದ ತಣ್ಣನೆ ದನಿಯಲ್ಲಿ. ಮಾಬುಬಿ ಅಂಗಳದಿಂದ, "ಮಾತು ಹೆಚ್ಚು ಕಡಿಮಿ ಮಾಡಬ್ಯಾಡ್ರಿ, ಇಬ್ರಿಗೂ ಹೇಳೀನಿ" ಎಂದು ಕೂಗಿದಳು. ಖಾಜಾ ತಿರುಗಿ ಕೈ ಎತ್ತಿದ.

ಗೇಟಿನಲ್ಲಿ ಅರವತ್ತನಾಲ್ಕು ಮಂದಿ ಪಟ್ಟಿ ಬಿಚ್ಚಿ ಕೊಟ್ಟರು. ತಪಾಸಣೆಯ ಸಾಲು ಆ ದಿನ ಇಪ್ಪತ್ತು ನಿಮಿಷ ನಿಂತಿತು. ಸಾಲಿನ ಪಕ್ಕದಲ್ಲಿಯೇ, ತಂತಿಬೇಲಿಯ ಆಚೆ, ಮಾರೆಪ್ಪನ ತಾಯಿ ಬಾಯಿಗೆ ಸೆರಗು ಒತ್ತಿ ಕೂತಿದ್ದಳು. ಕುತ್ತಿಗೆ ಬರಿದಾದ ಗಂಡಸರು ಅವಳನ್ನು ನೋಡುತ್ತ ಇಪ್ಪತ್ತು ನಿಮಿಷ ನಿಂತರು.

ಹುಲಿಗೆಮ್ಮ ಸಿಬ್ಬಂದಿಯ ಗೇಟಿನಿಂದ ಮೊದಲೇ ಒಳಗೆ ಹೋಗಿ ಕಂಟ್ರೋಲ್ ರೂಮಿನಲ್ಲಿ ಕೂತಿದ್ದಳು. ಗೋಡೆಯ ಪರದೆಯ ಮೇಲೆ ಅರವತ್ತನಾಲ್ಕು ಚೌಕಗಳು. ಒಂದೊಂದರಲ್ಲೂ ಒಬ್ಬೊಬ್ಬನ ಹೆಸರು, ಕಾವು. ಟೋಪಿ ತಲೆಗೇರಿದ ಕೂಡಲೇ ಚೌಕ ಹೊತ್ತಿಕೊಳ್ಳುತ್ತದೆ. ಮೊದಲ ಚೌಕ ಹೊತ್ತಿಕೊಂಡಿತು: ಐವತ್ತು. ಅವಳು ಬೆಚ್ಚಿದಳು. ಅಷ್ಟು ದೊಡ್ಡ ಅಂಕಿಯನ್ನು ಅಲ್ಲಿ ಅವಳು ಕಂಡಿರಲಿಲ್ಲ. ಎರಡನೆಯದು ನಲವತ್ತೆಂಟು. ಮೂರನೆಯದು ಐವತ್ತೆರಡು. ನೋಡುತ್ತಿದ್ದ ಹಾಗೆ ಮೊದಲ ಚೌಕದ ಐವತ್ತು ಒಮ್ಮೆ ಮಿನುಗಿ ನೂರಿಪ್ಪತ್ತೈದಾಯಿತು.

ಐವತ್ತನ್ನು ಐವತ್ತರಿಂದ ಗುಣಿಸಿದರೆ ಎರಡು ಸಾವಿರದ ಐನೂರು. ಇಪ್ಪತ್ತರಿಂದ ಭಾಗಿಸಿದರೆ ನೂರಿಪ್ಪತ್ತೈದು.

ಅವಳು ಮೇಜಿನ ಮೇಲಿದ್ದ ಯಾವುದೋ ಲಕೋಟೆಯ ಹಿಂದೆ ಬರೆಯತೊಡಗಿದಳು. ಕುಲುಮೆ ಬಾಗಿಲಲ್ಲಿ ಪಟ್ಟಿ ಸಿಗುತ್ತದೆ: ಅರವತ್ತೆರಡೂವರೆ. ಮತ್ತೆ ಟೋಪಿ: ನೂರತೊಂಬತ್ತೈದು. ಮತ್ತೆ ಪಟ್ಟಿ: ತೊಂಬತ್ತೆಂಟು. ಮತ್ತೆ ಟೋಪಿ: ನಾನೂರ ಎಪ್ಪತ್ತೇಳು. ಪಟ್ಟಿ ಹಿಂದೆ ಬೀಳುತ್ತಲೇ ಹೋಗುತ್ತದೆ. ಪಕ್ಕದಲ್ಲೇ ಹಳೆಯ ಕ್ರಮವನ್ನೂ ಬರೆದಳು. ಅದೇ ಐವತ್ತು. ಮೊದಲು ಪಟ್ಟಿ: ಇಪ್ಪತ್ತೈದು. ಟೋಪಿ: ಮೂವತ್ತೊಂದು. ಪಟ್ಟಿ: ಹದಿನಾರಕ್ಕಿಂತ ಒಂದು ಕೂದಲು ಕಡಿಮೆ. ಟೋಪಿ: ಹನ್ನೆರಡು. ಪಟ್ಟಿ: ಆರು. ತಣ್ಣಗಾಗಿಬಿಡುತ್ತಿತ್ತು. ಹಳೆಯ ದಾರಿಯಲ್ಲಿ ಎಂಬತ್ತರವರೆಗೂ ಮನುಷ್ಯ ಇಳಿಯುತ್ತಾನೆ. ಹೊಸ ದಾರಿಯಲ್ಲಿ ನಲವತ್ತು ದಾಟಿದವನು ಏರುತ್ತಲೇ ಹೋಗುತ್ತಾನೆ.

"ಸರ್, ಅವರಿಗೆ ಟೋಪಿ ಕೊಡೂದು ನಿಲ್ಲಸ್ರಿ!" ಎಂದು ಅವಳು ಪಕ್ಕದಲ್ಲಿ ಕೂತಿದ್ದ ರಘೋತ್ತಮನಿಗೆ ಕೂಗಿದಳು. ಆ ಹೊತ್ತಿಗೆ ಅರವತ್ತಮೂರು ಚೌಕಗಳು ಹೊತ್ತಿಕೊಂಡಿದ್ದವು. ಖಾಜಾ ಹುಸೇನನ ಚೌಕ ಮಾತ್ರ ಕಪ್ಪಗಿತ್ತು.

ಕ್ಯಾಮೆರಾದಲ್ಲಿ ಕುಲುಮೆಯ ಅಂಗಳ ಕಾಣುತ್ತಿತ್ತು; ಬಾಗಿಲಲ್ಲಿ ಎಲ್ಲರ ಕುತ್ತಿಗೆಗೂ ಪಟ್ಟಿ ಬಿದ್ದಿತ್ತು. ಫೋರ್‌ಮನ್ ಗವಿಸಿದ್ದಪ್ಪ ಮುಂದೆ ಬಂದು ಕೈ ಮಾಡಿ ಏನೋ ಹೇಳಿದ. ಕೆಲಸಕ್ಕೆ ನಿಲ್ಲಿ ಎಂದಿರಬೇಕು. ಸಾಲಿನಿಂದ ಒಬ್ಬ ಸರಕ್ಕನೆ ಹೊರಬಂದು ಸ್ಪ್ಯಾನರ್ ಬೀಸಿದ. ಗವಿಸಿದ್ದಪ್ಪನ ಬಾಯಿ ಕೆಂಪಗಾಯಿತು. ಅವನು ಮಂಡಿಯೂರಿದ. ಹೊಡೆದವನು ನಿಲ್ಲಿಸಲಿಲ್ಲ. ಬಿದ್ದವನ ತಲೆಯ ಮೇಲೆ ಮತ್ತೆ, ಮತ್ತೆ, ಕಲ್ಲು ಒಡೆಯುವವನ ಹಾಗೆ ಹೊಡೆದ. ಅವನನ್ನು ಹಿಡಿಯಲು ಬಂದವನಿಗೂ ಏಟು ಬಿತ್ತು. ಏಟು ತಿಂದವನು ಪಕ್ಕದವನ ಮೇಲೆ ಬಿದ್ದ. ಅಲ್ಲಿಂದಾಚೆ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂಬುದಕ್ಕೆ ಅರ್ಥವೇ ಉಳಿಯಲಿಲ್ಲ. ಮಾರೆಪ್ಪನಿಗಾಗಿ ಹುಟ್ಟಿದ ಸಿಟ್ಟು ಮಾರೆಪ್ಪನನ್ನೇ ಮರೆತಿತ್ತು. ಹಾರೆ, ಸಲಾಕೆ, ಸರಪಳಿ, ಕೈಗೆ ಸಿಕ್ಕಿದ್ದು ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು. ಒಬ್ಬ ಇನ್ನೊಬ್ಬನನ್ನು ಸೊಂಟ ಹಿಡಿದು ಎಳೆದೊಯ್ದು ಕಿಟ್ಟದ ಕಾಲುವೆಗೆ ದಬ್ಬಿದ. ಬಿದ್ದ ಜಾಗದಿಂದ ಹೊಗೆ ಎದ್ದಿತು.

ರಘೋತ್ತಮ ಎದ್ದು ಸ್ವಿಚ್ಚಿನ ಕಡೆ ಓಡಿದ. "ಎಲ್ಲ ಆಫ್ ಮಾಡಿ! ಎರಡೂ ಆಫ್ ಮಾಡಿ!"

"ಬ್ಯಾಡ್ರಿ!" ಹುಲಿಗೆಮ್ಮ ಕುರ್ಚಿ ಕೆಡವಿ ಎದ್ದಳು. "ಟೋಪಿಗೆ ಅದರದೇ ಬ್ಯಾಟರಿ ಐತಿ, ಅದು ನಿಲ್ಲಂಗಿಲ್ಲ. ಪಟ್ಟಿ ಅಷ್ಟ ನಿಲ್ತೈತಿ!"

ಅಷ್ಟರಲ್ಲಿ ಅವನು ಮುಖ್ಯ ಸ್ವಿಚ್ ಎಳೆದಿದ್ದ. ಕಾರ್ಖಾನೆಯ ಗೋಪುರದಿಂದ ಪಟ್ಟಿಗಳಿಗೆ ಹೋಗುತ್ತಿದ್ದ ಅಲೆ ಸತ್ತಿತು. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಇನ್ನೂರಕ್ಕೆ ಮುಟ್ಟಿ ನಿಂತವು. ಮನುಷ್ಯನ ಮಿದುಳು ಅದಕ್ಕಿಂತ ಮೇಲೆ ಹೋಗಲಾರದು. ಇನ್ನೂರಕ್ಕೆ ಹೋದವನಿಗೆ ಎದುರಿಗಿರುವವನ ಮುಖ ಗುರುತು ಹತ್ತುವುದಿಲ್ಲ.

ಮೂರು ನಿಮಿಷ ವಾದ ನಡೆಯಿತು. ಆ ಮೂರು ನಿಮಿಷದಲ್ಲಿ ಒಂಬತ್ತು ಮಂದಿ ಸತ್ತರೆಂದು ಆಮೇಲೆ ತಿಳಿಯಿತು. ಕೊನೆಗೆ ಹುಲಿಗೆಮ್ಮನೇ ರಘೋತ್ತಮನನ್ನು ಪಕ್ಕಕ್ಕೆ ನೂಕಿ ಸ್ವಿಚ್ ಮೇಲೆತ್ತಿದಳು.

"ಪಟ್ಟಿ ಹಿಂಗ ಇರಲಿ. ಯಾರೂ ಮುಟ್ಟಬ್ಯಾಡ್ರಿ. ಟೋಪಿ ತಲಿಮ್ಯಾಗಿಂದ ತಗೀಬೇಕು. ಹಿಂದಿನ ಚಿಲಕ ಎಳದ್ರ ಕಳಚ್ತೈತಿ."

"ಯಾರು ತೆಗೀತಾರೆ ಮೇಡಮ್? ಒಳಗೆ ಹೋದವರು ವಾಪಸ್ ಬರ್ತಾರಾ?"

ಕೆಲಸಗಾರರು ತಾವೇ ಬಿಚ್ಚಿಕೊಳ್ಳಬಾರದೆಂದು ಟೋಪಿಯ ಚಿಲಕವನ್ನು ತಲೆಯ ಹಿಂದೆ ಇಟ್ಟಿದ್ದರು. ಬೇರೆಯವರೇ ಎಳೆಯಬೇಕು. ಹುಲಿಗೆಮ್ಮ ಏಳು ಮಂದಿ ಕಾವಲುಗಾರರನ್ನು ಕರೆದುಕೊಂಡು ಮೆಟ್ಟಿಲಿಳಿದಳು. ಬಾಗಿಲು ತೆರೆದಾಗ ಮೂವರು ಹಿಂದೆಯೇ ನಿಂತುಬಿಟ್ಟರು.

ಒಳಗೆ ಕುಲುಮೆಯ ಮೊರೆತದ ನಡುವೆ ಮನುಷ್ಯರ ಕೂಗು ಕೇಳುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, ಕಟ್ಟಿಗೆ ಕಡಿಯುವವರು ಬಿಡುವಂಥ ಉಸಿರು. ನೆಲ ಜಾರುತ್ತಿತ್ತು. ಮೊದಲ ಮನುಷ್ಯ ಬೆನ್ನು ಹಾಕಿ ನಿಂತಿದ್ದ. ಅವಳು ಚಿಲಕ ಎಳೆದಳು. ಟೋಪಿ ಬಿತ್ತು. ಅವನು ತಿರುಗಿದ. ಅವನ ಒಂದು ಕಣ್ಣಿನ ಜಾಗದಲ್ಲಿ ಕಣ್ಣಿರಲಿಲ್ಲ. ಅವಳು ಬಗ್ಗಿದಳು, ಸರಪಳಿ ತಲೆಯ ಮೇಲಿಂದ ಹೋಯಿತು. ಕಾವಲುಗಾರರು ಅವನನ್ನು ಕೆಡವಿ ಹಿಡಿದರು. ಇನ್ನೂರು, ನೂರು, ಐವತ್ತು, ಇಪ್ಪತ್ತೈದು. ಒಂಬತ್ತು ನಿಮಿಷ ಒತ್ತಿ ಹಿಡಿಯಬೇಕು. ಒಬ್ಬನಿಗೇ ನಾಲ್ವರು ಬೇಕಾದರೆ ಉಳಿದವರನ್ನು ಯಾರು ಹಿಡಿಯುವುದು? ಅವಳು ಹಿಡಿಯುವುದನ್ನು ಅವರಿಗೆ ಬಿಟ್ಟು, ಹಿಂದಿನಿಂದ ಓಡಿ ಓಡಿ ಚಿಲಕಗಳನ್ನಷ್ಟೇ ಎಳೆಯತೊಡಗಿದಳು. ಹನ್ನೊಂದು ಟೋಪಿ ಬಿದ್ದವು. ಹನ್ನೆರಡನೆಯದಕ್ಕೆ ಕೈ ಹಾಕುವಾಗ ಅವಳಿಗೆ ಆ ಬೆನ್ನು ಗುರುತು ಹತ್ತಿತು.

ಪಂಪಾಪತಿ ಒಬ್ಬನ ಎದೆಯ ಮೇಲೆ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಹಾರೆ. ಕೆಳಗಿದ್ದವನು ಖಾಜಾ ಹುಸೇನ್. ಖಾಜಾನ ಎರಡೂ ಅಂಗೈ ಬಿಚ್ಚಿಕೊಂಡು ನೆಲದ ಮೇಲಿದ್ದವು. ಹಾರೆ ಇನ್ನೂ ಏಳುತ್ತಿತ್ತು, ಬೀಳುತ್ತಿತ್ತು, ಆದರೆ ಬೀಳುವ ಜಾಗದಲ್ಲಿ ಹೊಡೆಯಲು ಏನೂ ಉಳಿದಿರಲಿಲ್ಲ.

"ರೀ!" ಎಂದು ಅವಳು ಕಿರುಚಿದಳು. ಚಿಲಕ ಎಳೆದಳು. ಟೋಪಿ ಉರುಳಿತು. ಅವನು ಕೂತಲ್ಲಿಂದಲೇ ತಿರುಗಿ ಹಾರೆ ಬೀಸಿದ. ಅವಳ ಎಡಗೈ ಮೊಣಕೈಯ ಕೆಳಗೆ ಮುರಿದು ಜೋತುಬಿತ್ತು. ಅವನು ಎದ್ದು ಅವಳ ಕುತ್ತಿಗೆ ಹಿಡಿದು ಕಂಬಕ್ಕೆ ಒತ್ತಿದ. ಹನ್ನೆರಡು ವರ್ಷ ಸಂಸಾರ ಮಾಡಿದ ಆ ಮುಖದಲ್ಲಿ ಅವಳಿಗೆ ಗುರುತಿನ ಒಂದು ಗೆರೆಯೂ ಕಾಣಲಿಲ್ಲ. ಕಣ್ಣು ಕತ್ತಲೆಗಟ್ಟುತ್ತಿರುವಾಗ ಅವನ ಕುತ್ತಿಗೆಯ ಪಟ್ಟಿ ಸಣ್ಣಗೆ ಗುಂಯ್ಗುಟ್ಟಿತು. ಹಿಡಿತ ಸ್ವಲ್ಪ ಸಡಿಲವಾಯಿತು. ಅವಳು ಉಸಿರೆಳೆದುಕೊಂಡಳು, ಬಲಗೈಯಿಂದ ಅವನ ಬೆರಳುಗಳನ್ನು ಬಿಡಿಸಲು ಒದ್ದಾಡಿದಳು. ಮೂರು ನಿಮಿಷ ಕಳೆದು ಪಟ್ಟಿ ಮತ್ತೆ ಗುಂಯ್ಗುಟ್ಟಿತು. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು.

ಅವನು ಎರಡು ಹೆಜ್ಜೆ ಹಿಂದೆ ಸರಿದ. ಸುತ್ತ ನೋಡುತ್ತ ನಿಂತ. ಪಟ್ಟಿ ಮೂರನೆಯ ಸಲ ಗುಂಯ್ಗುಟ್ಟಿತು. ಆಮೇಲೆ ನೀರು ಕೇಳುವವನಷ್ಟೇ ಸಾಧಾರಣ ದನಿಯಲ್ಲಿ ಕೇಳಿದ: "ಖಾಜಾ ಯಾಕ ಹಿಂಗ ಮಲಗ್ಯಾನ?"

ಆ ದಿನ ಇಪ್ಪತ್ತೊಂದು ಮಂದಿ ಸತ್ತರು. ಉಳಿದ ಮೂವತ್ತೆಂಟು ಕೆಲಸಗಾರರ ಮೇಲೆ ಕೊಲೆಯ ಮೊಕದ್ದಮೆ ಬಿತ್ತು. ಐದು ಮಂದಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಪಟ್ಟಿ ಬಿಚ್ಚಿದರೆ ಮತ್ತೆ ಹೊಡೆದಾಡುತ್ತಾರೆಂದು ಹೆದರಿ ಪೊಲೀಸರು ಎರಡು ದಿನ ಬಂಧಿತರ ಪಟ್ಟಿ ಬಿಚ್ಚಲಿಲ್ಲ. ಆ ಎರಡು ದಿನ ಪಂಪಾಪತಿ ಅನ್ನ ಉಂಡ, ನಿದ್ದೆ ಮಾಡಿದ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. 'ಹೌದ್ರಿ, ನಾನ ಹೊಡದೀನಿ' ಎಂದು ಹೇಳಿಕೆ ಬರೆಸಿದ. ಮೂರನೆಯ ದಿನ ಬೆಳಿಗ್ಗೆ ಸ್ನಾನಕ್ಕೆಂದು ಪಟ್ಟಿ ಬಿಚ್ಚಿದರು. ಅವನು ಬಚ್ಚಲಿನ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ನಾಲ್ವರು ಹಿಡಿದು ಎಳೆಯುವ ಹೊತ್ತಿಗೆ ಹಣೆಯ ಮೂಳೆ ಬಿರುಕು ಬಿಟ್ಟಿತ್ತು.

ಹುಲಿಗೆಮ್ಮ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಅಂಗಳದಲ್ಲಿ ಮಾಬುಬಿ ನಲ್ಲಿಯ ಹತ್ತಿರ ಕೂತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು. ಹುಲಿಗೆಮ್ಮ ಹೋಗಿ ನಲ್ಲಿ ನಿಲ್ಲಿಸಿದಳು. ಮಾಬುಬಿ ತಲೆ ಎತ್ತಲಿಲ್ಲ.

"ಪಂಪಣ್ಣನ ಅಂತ ಅನ್ನಾಕತ್ತಾರ. ಖರೇ ಏನು?"

"ಖರೇ ಅಕ್ಕ."

ಮಾಬುಬಿಯ ಕುತ್ತಿಗೆಯಲ್ಲಿ ಪಟ್ಟಿ ಇತ್ತು. ಅವಳು ಕೊಡದ ಬಾಯಿಗೆ ಮುಚ್ಚಳ ಮುಚ್ಚಿದಳು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಂದು ತಿಂಗಳಾದ ಮೇಲೆ ರಘೋತ್ತಮ ಹುಲಿಗೆಮ್ಮನ ಮನೆಗೆ ಬಂದ. ವಿಚಾರಣಾ ಆಯೋಗ ಕೂತಿತ್ತು. ಪಟ್ಟಿಯ ಪ್ರಮಾಣಪತ್ರ ಸರಿಯಾಗಿದೆ, ಟೋಪಿಯ ಪ್ರಮಾಣಪತ್ರ ಸರಿಯಾಗಿದೆ, ಎರಡರ ಪರಿಣಾಮವನ್ನು ಕೂಡಿಸಿ ನೋಡಿದರೂ ಮಿತಿಯೊಳಗಿದೆ, ಹಾಗಾದ ಮೇಲೆ ತಪ್ಪು ಮನುಷ್ಯರದೇ ಎಂದು ಕಾರ್ಖಾನೆಯ ವಕೀಲರು ವಾದಿಸುತ್ತಿದ್ದರು.

"ಕೌಂಟರ್ ಬದಲಾಯಿಸಿದ ಆ ಹಾಳೆ ಇತ್ತಲ್ಲ ಮೇಡಮ್" ಎಂದ ರಘೋತ್ತಮ, ಚಹಾ ಲೋಟ ಹಿಡಿದುಕೊಂಡು. "ಆ ಗಲಾಟೇಲಿ ಕುಲುಮೆ ಪಕ್ಕದ ಆಫೀಸು ಸುಟ್ಟಾಗ ಅದೂ ಹೋಯ್ತು. ಅದರ ಮೇಲೆ ನಿಮ್ಮ ಸಹಿ ಇತ್ತು ಅನ್ನೋದು ನಮ್ಮಿಬ್ಬರಿಗೇ ಗೊತ್ತು. ಕೌಂಟರ್ ವಿಷಯ ಆಯೋಗದ ಮುಂದೆ ಬರೋದೇ ಬೇಡ. ನಿಮಗೂ ಒಳ್ಳೇದು."

"ನಮ್ಮ ಮನೆಯವರಿಗೆ?"

ಅವನು ಚಹಾ ಕುಡಿದು ಲೋಟ ಕೆಳಗಿಟ್ಟ. "ಅವರು ತಪ್ಪು ಒಪ್ಪಿಕೊಂಡಾಗಿದೆಯಲ್ಲ."

ಮರುವಾರ ಹುಲಿಗೆಮ್ಮ ಆಯೋಗದ ಮುಂದೆ ನಿಂತಳು. ಅಧ್ಯಕ್ಷೆ ವಯಸ್ಸಾದ ನ್ಯಾಯಾಧೀಶೆ, ಗಣಿತ ಬಿಟ್ಟು ಐವತ್ತು ವರ್ಷವಾದವಳು. ಹುಲಿಗೆಮ್ಮ ಹಲಗೆಯ ಮೇಲೆ ಐವತ್ತು ಎಂದು ಬರೆದಳು. ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು. ಎಡದ್ದು ಇಳಿಯುತ್ತ ಎರಡಕ್ಕೆ ಬಂತು. ಬಲದ್ದು ಹಲಗೆಯ ಕೆಳಗಿನವರೆಗೂ ಏರುತ್ತಲೇ ಹೋಯಿತು.

"ಅದೇ ಮನುಷ್ಯ. ಅದೇ ಪಟ್ಟಿ, ಅದೇ ಟೋಪಿ. ಯಾವುದು ಮೊದಲು ಮುಟ್ಟಿತು ಅನ್ನೂದು ಅಷ್ಟ ಬ್ಯಾರೆ" ಎಂದಳು.

ವಕೀಲ ಎದ್ದ. "ಎರಡರ ಪರಿಣಾಮ ಕೂಡಿಸಿ ಪರೀಕ್ಷೆ ಮಾಡಿದ ವರದಿ ನಮ್ಮಲ್ಲಿದೆ. ಐದು ಕೂಡಿಸು ಏಳು ಅಂದರೂ ಹನ್ನೆರಡು, ಏಳು ಕೂಡಿಸು ಐದು ಅಂದರೂ ಹನ್ನೆರಡು. ಕ್ರಮದ ಪ್ರಶ್ನೆ ಎಲ್ಲಿಂದ ಬಂತು?"

"ಅಲ್ಲೇ ತಪ್ಪಾಗಿರೋದು ಸರ್. ಅವೆರಡೂ ಕೂಡಂಗಿಲ್ಲ. ಒಂದರ ಉತ್ತರ ಇನ್ನೊಂದರ ಬಾಯಾಗ ಬೀಳ್ತೈತಿ." ಅವಳು ಅಧ್ಯಕ್ಷೆಯ ಕಡೆ ತಿರುಗಿದಳು. "ಅಮ್ಮಾರ, ಜೋಳ ಹಸನ ಮಾಡಿ ಆಮ್ಯಾಲೆ ಬೀಸಿದ್ರ ರೊಟ್ಟಿ ತಿನ್ನಬಹುದು. ಮೊದಲ ಬೀಸಿ, ಆಮ್ಯಾಲೆ ಹಿಟ್ಟಿನಾಗಿನ ಕಲ್ಲು ಆರಿಸಾಕ ಕುಂತ್ರ? ಕೆಲಸ ಅವೇ ಎರಡು."

ಅಧ್ಯಕ್ಷೆ ಹಲಗೆಯ ಬಲಸಾಲಿನ ಕಡೆ ಬೆರಳು ತೋರಿಸಿದಳು. "ಇದನ್ನು ಮೊದಲೇ ಯಾರಾದರೂ ಲೆಕ್ಕ ಹಾಕಬಹುದಾಗಿತ್ತಾ?"

ಹಿಂದಿನ ಸಾಲಿನಲ್ಲಿ ರಘೋತ್ತಮ ನೆಟ್ಟಗೆ ಕೂತ. ಹುಲಿಗೆಮ್ಮನ ಕೈಯಲ್ಲಿ ಸೀಮೆಸುಣ್ಣ ಮುರಿಯಿತು.

"ಹಾಕಬೇಕಾದಾಕಿ ನಾನ. ಕೌಂಟರ್ ತಿರುಗಿಸೋ ಹಾಳಿ ನನ್ನ ಕಡೆ ಬಂದಿತ್ತು. ಹನ್ನೆರಡು ಹಾಕಿ ನೋಡಿದೆ, ಐವತ್ತು ಹಾಕಿ ನೋಡಲಿಲ್ಲ. ಅಭ್ಯಂತರವಿಲ್ಲ ಅಂತ ಬರದು ಸಹಿ ಮಾಡೀನಿ."

ಹನ್ನೊಂದು ತಿಂಗಳ ನಂತರ ನ್ಯಾಯಾಲಯದ ತೀರ್ಪು ಬಂತು. ಕೆಲಸಗಾರರ ಮೇಲಿನ ಕೊಲೆ ಮೊಕದ್ದಮೆ ರದ್ದಾಯಿತು. ರಘೋತ್ತಮನಿಗೆ ಎರಡು ವರ್ಷ, ಹುಲಿಗೆಮ್ಮನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಪಟ್ಟಿಯನ್ನಾಗಲಿ ಟೋಪಿಯನ್ನಾಗಲಿ ಯಾರೂ ತೆಗೆದುಹಾಕಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ದೊಡ್ಡ ಅಕ್ಷರದ ಹೊಸ ಫಲಕ ಬಂತು: ಮೊದಲು ಪಟ್ಟಿ, ಆಮೇಲೆ ಟೋಪಿ. ಪಂಪಾಪತಿ ಬಿಡುಗಡೆಯಾದ ದಿನವೇ ಊರು ಬಿಟ್ಟ. ಗಂಗಾವತಿಯ ಕಡೆ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಾನೆಂದು ಸುದ್ದಿ. ತಿಂಗಳಿಗೊಮ್ಮೆ ಜೈಲಿಗೆ ಬಂದು ಹುಲಿಗೆಮ್ಮನ ಎದುರಿಗೆ ಕೂರುತ್ತಿದ್ದ. ಅವಳ ಎಡಗೈ ನೋಡುತ್ತಿದ್ದ. 

ಎರಡನೆಯ ವರ್ಷ, ಒಂದು ಗುರುವಾರ ಬೆಳಿಗ್ಗೆ, ಮಾಬುಬಿ ಬಂದಳು. ಸಂದರ್ಶನದ ಕೋಣೆಯಲ್ಲಿ ಒಂದು ಮೇಜು, ಎರಡು ಸ್ಟೂಲು. ಜೈಲಿನ ಒಳಗೆ ಬರುವವರ ಕುತ್ತಿಗೆಯ ಪಟ್ಟಿಯನ್ನು ಬಾಗಿಲಲ್ಲಿ ಬಿಚ್ಚಿಸುತ್ತಿದ್ದರು. ಅವಳ ಕುತ್ತಿಗೆಯ ಸುತ್ತ ಬಿಸಿಲು ಕಾಣದ ಬಿಳಿ ಗೆರೆಯಿತ್ತು.

"ಒಂದು ಕೇಳಬೇಕಿತ್ತು. ಅದಕ್ಕ ಬಂದೆ" ಎಂದಳು.

"ಕೇಳು ಅಕ್ಕ."

"ನಮ್ಮವರದು ಎಷ್ಟಿತ್ತು ಆವಾಗ? ಕಾವು."

ಆ ದಿನದ ದಾಖಲೆಗಳನ್ನು ಹುಲಿಗೆಮ್ಮ ನೂರು ಸಲ ಓದಿದ್ದಳು. "ಖಾಜಾ ಅಣ್ಣನ ಟೋಪಿ ಚಿಲಕ ಮುರದಿತ್ತು. ಅವತ್ತು ಅಂವಗ ಟೋಪಿ ಕೊಡಲಿಲ್ಲ. ಪಟ್ಟಿ ಒಂದ ಇತ್ತು. ಕಡೀಗೆ ಹನ್ನೆರಡು ಇತ್ತು. ಅಂವ ಯಾರಿಗೂ ಹೊಡೀಲಿಲ್ಲ ಅಕ್ಕ. ಬಿಡಸಾಕ ಹೋಗಿದ್ದ. ನಮ್ಮನಿಯವರ ಕೈ ಹಿಡ್ಕೊಂಡಿದ್ದ."

"ಹೆದರಿದ್ರೇನು?"

"ಅದು ಪಟ್ಟಿಗೆ ಗೊತ್ತಾಗಂಗಿಲ್ಲ. ನನಗೂ ಗೊತ್ತಿಲ್ಲ."

ಮಾಬುಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮತ್ತೆ ಸುತ್ತಿದಳು.

"ಇನ್ನೊಂದು. ಆ ಹಾಳಿಮ್ಯಾಗ ನೀ ಹನ್ನೆರಡು ಹಾಕಿದ್ದೆ ಅಂತಲ್ಲ. ಐವತ್ತು ಹಾಕಿ ನೋಡಾಕ ಎಷ್ಟೊತ್ತು ಹಿಡೀತಿತ್ತು?"

ಹುಲಿಗೆಮ್ಮನಿಗೆ ಸುಳ್ಳು ಹೇಳಲು ಜಾಗವಿತ್ತು. ಕಠಿಣ ಲೆಕ್ಕ ಎನ್ನಬಹುದಾಗಿತ್ತು, ಯಂತ್ರ ಬೇಕು ಎನ್ನಬಹುದಾಗಿತ್ತು. ಮಾಬುಬಿ ನಂಬುತ್ತಿದ್ದಳು.

"ಒಂದು ನಿಮಿಷ ಅಕ್ಕ. ಅಷ್ಟೂ ಇಲ್ಲ."

ಮಾಬುಬಿ ಎದ್ದು ನಿಂತು ಅವಳ ಕೆನ್ನೆಗೆ ಬಾರಿಸಿದಳು. ಹುಲಿಗೆಮ್ಮ ಸ್ಟೂಲಿನಿಂದ ಜಾರಿ ಗೋಡೆಗೆ ತಾಗಿದಳು. ತುಟಿ ಒಡೆದು ಬಾಯಿಗೆ ರಕ್ತ ಬಂತು. ಬಾಗಿಲಲ್ಲಿದ್ದ ಕಾವಲುಗಾರ್ತಿ ಸೊಂಟದಿಂದ ಪಟ್ಟಿ ಎಳೆದುಕೊಂಡು ಓಡಿಬಂದಳು, ಹಿಂದಿನಿಂದ ಮಾಬುಬಿಯ ಹೆಗಲು ಹಿಡಿದು ಅದನ್ನು ಅವಳ ಕುತ್ತಿಗೆಗೆ ತಂದಳು.

"ಬ್ಯಾಡ್ರಿ!" ಹುಲಿಗೆಮ್ಮ ಎದ್ದು ಬಂದು ಪಟ್ಟಿ ಹಿಡಿದ ಆ ಕೈಯನ್ನು ತಡೆದಳು. "ಅದು ಆಕಿದು. ಅರ್ಧ ಮಾಡಬ್ಯಾಡ್ರಿ."

ಕಾವಲುಗಾರ್ತಿ ಏನು ಮಾಡಬೇಕೆಂದು ತಿಳಿಯದೆ ನಿಂತಳು.  ಆ ದಿನದಿಂದ ಮೊದಲ ಸಲ ಮಾಬುಬಿಯ ಗಂಟಲಿನಿಂದ ಒಂದು ದನಿ ಹೊರಬಂತು, ಮಾತಲ್ಲ, ಬರೀ ದನಿ. ಅವಳು ಮತ್ತೆ ಕೈ ಎತ್ತಿದಳು. ಹುಲಿಗೆಮ್ಮ ಮುಖ ತಿರುಗಿಸಲಿಲ್ಲ.